ಕಣ್ಣಿಗೆ ಹಬ್ಬ, ಕಿವಿಗೆ ಉಪವಾಸ

ಹೋದ ತಿಂಗಳು ದೊಡ್ಡಬಳ್ಳಾಪುರದ ಕಡೆಯ ಒಂದು ಕಾಲೇಜಿನವರು ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. ವಿದ್ಯಾರ್ಥಿಗಳೇ ತೆಗೆದ ಕಿರುಚಿತ್ರಗಳ ಸ್ಪರ್ಧೆ. ನಾನು ಸಿನಿಮಾ ಪಂಡಿತನಲ್ಲ. ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದ ಮೇಷ್ಟರು. ಆದರೆ ಹುಟ್ಟಿದ್ದು ಅದೇ ಊರಿನ ಮಗ್ಗದ ಬೀದಿಯಲ್ಲಿ. "ನಮ್ಮೂರಿನವರು, ಸಾಹಿತ್ಯ ಬಲ್ಲವರು, ನೀವು ಬರಲೇಬೇಕು" ಎಂದರು, ಹೋದೆ. ಹಾರ, ಶಾಲು, ಕಾಫಿ ಎಲ್ಲವೂ ಸಾಂಗವಾಗಿ ನಡೆದವು. ತೀರ್ಪು ಹೇಳುವ ಹೊತ್ತಿಗೆ ಮಾತ್ರ ನಾನಾಡಿದ ಮಾತು ಅಲ್ಲಿ ಯಾರಿಗೂ ರುಚಿಸಲಿಲ್ಲ. ಅಲ್ಲಿ ಎರಡು ನಿಮಿಷದಲ್ಲಿ ಹೇಳಿ ಬೈಸಿಕೊಂಡದ್ದನ್ನು ಇಲ್ಲಿ ಸಾವಕಾಶವಾಗಿ ಹೇಳಿ ಬೈಸಿಕೊಳ್ಳೋಣವೆಂದು ಈ ಲೇಖನ.

ಒಟ್ಟು ಎಂಟು ಚಿತ್ರಗಳು. ಎಂಟರಲ್ಲಿ ಏಳು ಆಕಾಶದಿಂದ ಆರಂಭವಾದವು. ಡ್ರೋನ್ ಎಂಬ ಯಂತ್ರದ ಹಕ್ಕಿ ಮೇಲೇರಿ ಊರಿನ ತಾರಸಿಗಳನ್ನೂ ಕೆರೆಯನ್ನೂ ತೋರಿಸುತ್ತ ಬರುತ್ತದೆ; ಹಿನ್ನೆಲೆಯಲ್ಲಿ ಕೊಳಲೋ ಪಿಟೀಲೋ ಅಳುತ್ತಿರುತ್ತದೆ. ಎಂಟನೆಯದಕ್ಕೆ ಏಕೆ ಆಕಾಶವಿಲ್ಲವೆಂದು ಕೇಳಿದೆ. ಅದು ದೇವನಹಳ್ಳಿಯ ವಿಮಾನ ನಿಲ್ದಾಣದ ನೆರೆಯಲ್ಲಿ ತೆಗೆದದ್ದು. ಅಲ್ಲಿ ಅನುಮತಿಯಿಲ್ಲದೆ ಡ್ರೋನ್ ಹಾರಿಸುವಂತಿಲ್ಲ. ಅಂದರೆ ಆ ಹುಡುಗನನ್ನು ನೆಲದ ಮೇಲೆ ನಿಲ್ಲಿಸಿದ್ದು ಕಲೆಯ ವಿವೇಕವಲ್ಲ, ಕಾನೂನಿನ ಭಯ!

ನಾನು ಹೊಸದನ್ನೆಲ್ಲ ಹಳಿಯುವ ಮುದುಕನೆಂದು ಓದುಗರು ಮೊದಲೇ ತೀರ್ಮಾನಿಸಬಾರದು. ಚಿತ್ರಗಳು ಕಣ್ಣಿಗೆ ನಿಜಕ್ಕೂ ಹಬ್ಬವಾಗಿದ್ದವು. ಓಡುವವನ ಹಿಂದೆಯೇ ಓಡಿದರೂ ಕುಲುಕದ ಚಿತ್ರ. ಮುಖ ಮಾತ್ರ ಸ್ಫುಟವಾಗಿ, ಹಿಂದಿನ ಗೋಡೆ ಮಂಜಿನಂತೆ ಕರಗಿದ ಚಿತ್ರ. ಬುಡ್ಡಿ ದೀಪದ ಬೆಳಕಿನಲ್ಲೂ ಕಣ್ಣೆವೆ ಎಣಿಸಬಹುದಾದ ಚಿತ್ರ. ನನ್ನ ಯೌವನದಲ್ಲಿ ಇಂಥದೊಂದು ನೋಟಕ್ಕೆ ದೊಡ್ಡ ಸ್ಟುಡಿಯೋ ಬೇಕಾಗಿತ್ತು. ಈಗ ಇಪ್ಪತ್ತು ವರ್ಷದ ಹುಡುಗಿ ಹೆಗಲ ಚೀಲದಲ್ಲಿ ತಂದು ತೆಗೆಯುತ್ತಾಳೆ. ಬಿಟ್ಟಿಯಾಗಿ ಸಿಗುವ ತಂತ್ರಾಂಶದಲ್ಲಿ ತಾನೇ ಕತ್ತರಿಸಿ ಜೋಡಿಸುತ್ತಾಳೆ. ಇದು ಸಣ್ಣ ಸಂಗತಿಯಲ್ಲ. ನನ್ನ ತಕರಾರು ಇರುವುದು ಬೇರೆ ಕಡೆ. ಎಂಟು ಚಿತ್ರಗಳ ಪೈಕಿ ಒಂದರಲ್ಲಿಯೂ ನನಗೆ ದೊಡ್ಡಬಳ್ಳಾಪುರ ಕೇಳಿಸಲಿಲ್ಲ.

ಮೊದಲ ಬಹುಮಾನ ಪಡೆದ ಚಿತ್ರದ ವಿಷಯವನ್ನೇ ತೆಗೆದುಕೊಳ್ಳೋಣ. ಕತೆ ಚೊಕ್ಕವಾಗಿತ್ತು. ಸಾಲಕ್ಕೆ ಸಿಕ್ಕ ನೇಕಾರನ ಮನೆ. ಮಗ ವಿದ್ಯುತ್ ಮಗ್ಗವನ್ನು ಮಾರಬೇಕೆನ್ನುತ್ತಾನೆ, ತಾಯಿ ಬೇಡವೆನ್ನುತ್ತಾಳೆ. ತಾಯಿಯ ಪಾತ್ರ ವಹಿಸಿದ್ದವಳು ಚಿತ್ರ ತೆಗೆದ ಹುಡುಗನ ಸ್ವಂತ ತಾಯಿಯೇ. ಕಂಡಿಕೆ ಸುತ್ತುವ ಕೈ, ದಾರದಲ್ಲಿ ಸವೆದ ಬೆರಳು, ನಿದ್ದೆಯಿಲ್ಲದ ಕಣ್ಣು: ಯಾವ ನಟಿಯೂ ತರಲಾಗದ ಸತ್ಯ ಅದರಲ್ಲಿತ್ತು. ಆಮೇಲೆ ಆಕೆ ಬಾಯಿ ತೆರೆದಳು. "ಮಗು, ಈ ಮಗ್ಗವೇ ನಮ್ಮ ಬದುಕು. ಇದನ್ನು ಮಾರಬೇಡ" ಎಂದಳು. ದನಿ ಮೃದು, ಉಚ್ಚಾರ ನಿರ್ದುಷ್ಟ. ಬೆಂಗಳೂರಿನ ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತ ತರುಣಿಯ ದನಿ. ಬೆರಳು ದೊಡ್ಡಬಳ್ಳಾಪುರದ್ದು, ನಾಲಿಗೆ ಇನ್ನೆಲ್ಲಿಯದೋ!

ಸಭೆ ಮುಗಿದ ಮೇಲೆ ಆ ತಾಯಿ ಬಾಗಿಲ ಬಳಿ ನಿಂತಿದ್ದರು. ನಮಸ್ಕಾರ ಮಾಡಿ, "ಚೆನ್ನಾಗಿ ಮಾಡಿದ್ದೀರಮ್ಮ" ಎಂದೆ. ಆಕೆ ನಾಚಿಕೊಂಡು, "ಮಾಡಿದ್ ನಾನೇಯ ಸಾ. ಮಾತಾಡಿದ್ ಯಾರೋ ಕಾಣೆ. ಆ ಯಮ್ಮ ಭಾಳ ನಾಜೂಕು" ಎಂದರು. ಮಗ ಪಕ್ಕದಲ್ಲೇ ನಿಂತು ನೆಲ ನೋಡುತ್ತಿದ್ದ. ಆಕೆ ದೂರು ಹೇಳಲಿಲ್ಲ, ಮೆಚ್ಚಿಯೇ ಹೇಳಿದರು. ಆ ಮೆಚ್ಚುಗೆಯೇ ನನಗೆ ಹೆಚ್ಚು ಚುಚ್ಚಿತು.

ಹುಡುಗ ಒಳ್ಳೆಯವನು. ಕೇಳಿದ್ದಕ್ಕೆ ತನ್ನ ಫೋನಿನಲ್ಲಿ ಮೊದಲ ಚಿತ್ರೀಕರಣದ ತುಣುಕನ್ನು ಹಾಕಿ ತೋರಿಸಿದ. ಕ್ಯಾಮರಾದ ಒಡಲಲ್ಲೇ ಇರುವ ಪುಟ್ಟ ಮೈಕು ಹಿಡಿದ ದನಿ. ಅಕ್ಕಪಕ್ಕದ ಮನೆಗಳ ಮಗ್ಗದ ಸದ್ದಿನ ಅಡಿಯಲ್ಲಿ ಮುಳುಗಿಹೋಗಿತ್ತು. ಕಿವಿಗೊತ್ತಿ ಮೂರು ಸಲ ಕೇಳಿದ ಮೇಲೆ ಅರ್ಥವಾಯಿತು. ಬರೆದು ಕೊಟ್ಟಿದ್ದ ಮಾತನ್ನು ಆಕೆ ಆಡಿರಲೇ ಇಲ್ಲ. ಅವರು ಆಡಿದ್ದು ಇದು: "ಕರೆಂಟ್ ಬಿಲ್ ಕಟ್ಟೋಕೆ ಮಗ್ಗ ಮಾರ್ಬುಟ್ರೆ, ಆಮ್ಯಾಕೆ ಕರೆಂಟ್ ಯಾತುಕ್ಲಾ?"

ಓದುಗರೇ, ಎರಡೂ ಮಾತನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಒಂದು ಭಾಷಣ, ಇನ್ನೊಂದು ಬದುಕು. ಒಬ್ಬ ನೇಕಾರಗಿತ್ತಿಯ ಅರ್ಥಶಾಸ್ತ್ರವೆಲ್ಲ ಆ ಒಂದು ಪ್ರಶ್ನೆಯಲ್ಲಿದೆ. ಅಂಥದನ್ನು ಬರೆದುಕೊಡಲು ಯಾವ ಸಂಭಾಷಣೆಕಾರನಿಗೂ ಸಾಧ್ಯವಿಲ್ಲ. ಅದನ್ನು ಬಿಸಾಡಿದವರು ಯಾರು? ಖರ್ಚಿನ ಪಟ್ಟಿಯನ್ನು ಕೇಳಿದೆ. ಡ್ರೋನಿಗೆ ಒಂದು ದಿನದ ಬಾಡಿಗೆ, ಕ್ಯಾಮರಾಕ್ಕೆ ಮೂರು ದಿನದ್ದು, ಎರಡು ಲೆನ್ಸು, ದೀಪಗಳು, ಡಬ್ಬಿಂಗ್ ಕೋಣೆಗೆ ಗಂಟೆಯ ಲೆಕ್ಕ. ಚಿತ್ರೀಕರಣದ ಜಾಗದಲ್ಲಿ ದನಿ ಹಿಡಿಯಲು ಇಟ್ಟ ಹಣ? ಸೊನ್ನೆ. ಮೈಕು ಹಿಡಿಯಲು ನಿಂತವರು? ಯಾರೂ ಇಲ್ಲ.

ದೇವನಹಳ್ಳಿಯ ಚಿತ್ರದ್ದು ಇನ್ನೂ ವಿಚಿತ್ರ. ಆ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಯ ಭೂಸ್ವಾಧೀನದ ವಿರುದ್ಧ ಹದಿಮೂರು ಹಳ್ಳಿಗಳ ರೈತರು ವರ್ಷಗಟ್ಟಲೆ ಹೋರಾಡಿದ್ದೂ, ಸರ್ಕಾರ ಅದನ್ನು ಕೈಬಿಟ್ಟೆವೆಂದು 2025ರ ಜುಲೈ 15ರಂದು ಪ್ರಕಟಿಸಿದ್ದೂ ಓದುಗರಿಗೆ ನೆನಪಿರಬಹುದು. ಆ ಹಿನ್ನೆಲೆಯಲ್ಲಿ ಒಬ್ಬ ಮುದುಕ ತನ್ನ ಹೊಲದ ಬದುವಿನ ಮೇಲೆ ಕೂತು ಮೊಮ್ಮಗನೊಡನೆ ಮಾತಾಡುವ ಚಿತ್ರ. ತಲೆಯ ಮೇಲೆ ವಿಮಾನಗಳು. 2008ರಲ್ಲಿ ನಿಲ್ದಾಣ ತೆರೆದಾಗಿನಿಂದ ಆ ಭಾಗದ ಆಕಾಶ ಸುಮ್ಮನಿದ್ದದ್ದು ಅಪರೂಪ. ಮುದುಕ ಮಾತು ನಿಲ್ಲಿಸುತ್ತಾನೆ, ವಿಮಾನ ಹೋಗುವ ತನಕ ಕಾಯುತ್ತಾನೆ, ಬಿಟ್ಟ ಮಾತನ್ನು ಮತ್ತೆ ಎತ್ತಿಕೊಳ್ಳುತ್ತಾನೆ. ತೆರೆಯ ಮೇಲೆ ಈ ಕಾಯುವಿಕೆ ಕಂಡಿತು. ಯಾಕೆ ಕಾಯುತ್ತಾನೆಂಬುದು ಮಾತ್ರ ತಿಳಿಯಲಿಲ್ಲ. ಏಕೆಂದರೆ ನಮ್ಮ ನಿರ್ದೇಶಕ ಮಹಾಶಯ ವಿಮಾನದ ಸದ್ದನ್ನು ಕೃತಕ ಬುದ್ಧಿಮತ್ತೆಯ ತಂತ್ರಾಂಶದಿಂದ ತೊಳೆದು, ಆ ಜಾಗದಲ್ಲಿ ಕೊಳಲು ಇಟ್ಟಿದ್ದ! "ಸದ್ದು ತೊಂದರೆ ಕೊಡುತ್ತಿತ್ತು ಸಾರ್" ಎಂದ. ಆ ಮುದುಕನಿಗೆ ತೊಂದರೆ ಕೊಡುತ್ತಿದ್ದದ್ದು ಅದೇ ಅಲ್ಲವೇನಯ್ಯಾ? ನಿನ್ನ ಕತೆಯೇ ಅದಲ್ಲವೇ? ಕತೆಯ ಖಳನಾಯಕನನ್ನು ಹೊರಗೆ ಕಳಿಸಿ ನಾಟಕ ಆಡಿದಂತಾಯಿತು.

ಈ ಅಭ್ಯಾಸ ಎಲ್ಲಿಂದ ಬಂತೆಂಬುದನ್ನು ನೋಡಿದರೆ ನಗು ಬರುತ್ತದೆ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ಬೆಂಗಳೂರಿನಲ್ಲಿ ತೆರೆಕಂಡದ್ದು 1934ರ ಮಾರ್ಚ್ 3ರಂದು. ಅಂದು ಕನ್ನಡಿಗನಿಗೆ ಚಲಿಸುವ ಚಿತ್ರ ಹೊಸದಾಗಿರಲಿಲ್ಲ. ತೆರೆ ಕನ್ನಡದಲ್ಲಿ ಮಾತಾಡಿದ್ದೇ ಹೊಸದು. ಆ ಕಾಲದಲ್ಲಿ ನಟ ಕ್ಯಾಮರಾದ ಮುಂದೆ ಆಡಿದ ಮಾತೇ ಅಚ್ಚಾಗುತ್ತಿತ್ತು. ಮುಂದೆ ಸಿನಿಮಾ ಸ್ಟುಡಿಯೋ ಬಿಟ್ಟು ಬಯಲಿಗೆ ಬಂದಿತು. ಬಯಲಿಗೆ ಒಯ್ಯಲು ಹಗುರವಾಗಿದ್ದ ಆರಿಫ್ಲೆಕ್ಸ್‌ನಂಥ ಕ್ಯಾಮರಾಗಳು ಫಿಲ್ಮ್ ಎಳೆಯುವಾಗ ಹೊಲಿಗೆ ಯಂತ್ರದಂತೆ ಸದ್ದು ಮಾಡುತ್ತಿದ್ದವು. ಆ ಸದ್ದಿನ ನಡುವೆ ಸಂಭಾಷಣೆ ಹಿಡಿಯುವುದು ಅಸಾಧ್ಯವಾಯಿತು. ಆದಕಾರಣ ಚಿತ್ರವನ್ನು ಅಲ್ಲಿ ತೆಗೆದು ಮಾತನ್ನು ಆಮೇಲೆ ಕೋಣೆಯಲ್ಲಿ ಅಂಟಿಸುವ ಪದ್ಧತಿ ನಮ್ಮ ದೇಶದ ಚಿತ್ರರಂಗದಲ್ಲಿ ಬೇರೂರಿತು. ಅದು ಕಲೆಯ ಸಿದ್ಧಾಂತವಾಗಿ ಹುಟ್ಟಿದ್ದಲ್ಲ, ಯಂತ್ರದ ರೋಗಕ್ಕೆ ಕಂಡುಕೊಂಡ ಔಷಧ. 2001ರಲ್ಲಿ 'ಲಗಾನ್' ಕಛ್‌ನ ಬಯಲಿನಲ್ಲಿ ಸ್ಥಳದಲ್ಲೇ ದನಿ ಹಿಡಿದಾಗ ಅದೊಂದು ದೊಡ್ಡ ಸುದ್ದಿಯಾಯಿತೆಂದರೆ, ಔಷಧ ಎಷ್ಟು ಕಾಲ ನಡೆದಿತ್ತೆಂದು ಊಹಿಸಬಹುದು.

ಈಗ ನಮ್ಮ ಹುಡುಗರ ಕೈಯಲ್ಲಿರುವ ಕ್ಯಾಮರಾಕ್ಕೆ ಸದ್ದೇ ಇಲ್ಲ. ರೋಗ ಹೋಗಿದೆ, ಔಷಧ ಕುಡಿಯುವ ಚಟ ಮಾತ್ರ ಉಳಿದಿದೆ!

"ಆದರೂ ಮೇಷ್ಟ್ರೇ, ಕ್ಯಾಮರಾದ ಮೈಕಿನಲ್ಲಿ ಮಾತು ಸರಿಯಾಗಿ ಬರುವುದಿಲ್ಲವಲ್ಲ?" ಎನ್ನುತ್ತಾರೆ. ಬರುವುದಿಲ್ಲ, ಒಪ್ಪಿದೆ. ಏಕೆ ಬರುವುದಿಲ್ಲವೆಂದು ಒಮ್ಮೆ ಯೋಚಿಸಿದ್ದೀರಾ? ಬಯಲಿನಲ್ಲಿ ಮಾತಾಡುವವರಿಗೂ ಮೈಕಿಗೂ ಇರುವ ದೂರ ಎರಡರಷ್ಟಾದರೆ, ಮೈಕಿಗೆ ತಲಪುವ ದನಿಯ ಶಕ್ತಿ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಶಾಸ್ತ್ರದ ಲೆಕ್ಕದಲ್ಲಿ 6 ಡೆಸಿಬೆಲ್ ನಷ್ಟ. ಸುತ್ತಲ ಗದ್ದಲ ಮಾತ್ರ ಇದ್ದಷ್ಟೇ ಇರುತ್ತದೆ. ಕ್ಯಾಮರಾ ಹತ್ತಡಿ ದೂರದಲ್ಲಿದ್ದರೆ ಅದರ ಮೈಕೂ ಹತ್ತಡಿ ದೂರದಲ್ಲೇ. ಅಷ್ಟು ದೂರದಿಂದ ಮನುಷ್ಯರ ಮಾತು ಮಗ್ಗದ ಸದ್ದನ್ನು ಗೆದ್ದು ಬರಬೇಕೆಂದರೆ ಹೇಗೆ? ಸಾಲದ್ದಕ್ಕೆ ದನಿಯ ಮಟ್ಟವನ್ನು ತಾನೇ ಏರಿಸಿ ಇಳಿಸುವ ವ್ಯವಸ್ಥೆಯೊಂದು ಅದರಲ್ಲಿರುತ್ತದೆ. ಮಾತು ನಿಂತ ಕ್ಷಣ ಅದು ಗದ್ದಲವನ್ನೇ ಎತ್ತಿ ಹಿಡಿಯುತ್ತದೆ.

ಪರಿಹಾರ ಬಡವನಿಗೂ ಎಟಕುವಂಥದು. ಕೋಲಿನ ತುದಿಗೆ ಒಂದು ಬೂಮ್ ಮೈಕು ಕಟ್ಟಿ, ಚೌಕಟ್ಟಿನೊಳಗೆ ಕಾಣದಂತೆ ಬಾಯಿಗೆ ಒಂದೆರಡಡಿ ಹತ್ತಿರ ಹಿಡಿಯುವುದು. ಅದೂ ಆಗದಿದ್ದರೆ ಸೆರಗಿನ ಮರೆಯಲ್ಲಿ ಒಂದು ಕಾಲರ್ ಮೈಕು. ಅದೂ ಇಲ್ಲವೆಂದರೆ ಹಳೆಯ ಮೊಬೈಲ್ ಫೋನೊಂದನ್ನು ಧ್ವನಿಮುದ್ರಣಕ್ಕೆ ಹಾಕಿ ಆಕೆಯ ಪಕ್ಕದ ಕಂಡಿಕೆಯ ಬುಟ್ಟಿಯಲ್ಲಿ ಅಡಗಿಸಿಡುವುದು. ಚಿತ್ರಕ್ಕೂ ದನಿಗೂ ಹೊಂದಿಕೆಗಾಗಿ ಆರಂಭದಲ್ಲಿ ಒಂದು ಚಪ್ಪಾಳೆ ತಟ್ಟುವುದು. ಕೈ ಕೂಡಿದ ಚೌಕವೂ ಸದ್ದಿನ ಮೊನೆಯೂ ಒಂದೆಡೆ ಸೇರಿದರೆ ಮುಗಿಯಿತು. ಕೊನೆಗೆ, ಎಲ್ಲರೂ ಬಾಯಿ ಮುಚ್ಚಿ ಒಂದು ನಿಮಿಷ ಆ ಕೋಣೆಯ ಮೌನವನ್ನೇ ಮುದ್ರಿಸಿಕೊಳ್ಳುವುದು. ಪ್ರತಿಯೊಂದು ಕೋಣೆಗೂ ಅದರದೇ ಮೌನವಿದೆ. ಮಾತುಗಳ ನಡುವಿನ ಸಂದುಗಳಿಗೆ ಆ ಮೌನವನ್ನು ತುಂಬದಿದ್ದರೆ ಕಿವಿ ಎಡವುತ್ತದೆ. ಡ್ರೋನಿನ ಒಂದು ದಿನದ ಬಾಡಿಗೆಯನ್ನು ಉಳಿಸಿದ್ದರೆ ಇಷ್ಟೂ ಆಗುತ್ತಿತ್ತು.

"ದೊಡ್ಡಬಳ್ಳಾಪುರದ ಮಗ್ಗದ ಸದ್ದು ನಿಮಗೆ ಗೊತ್ತಿಲ್ಲವೇ?" ಎಂದು ಒಬ್ಬ ಅಧ್ಯಾಪಕರು ಕೇಳಿದರು. ಗೊತ್ತಿಲ್ಲದೆ ಏನು! ಅದರೊಳಗೇ ಹುಟ್ಟಿದವನು ನಾನು. ವಿದ್ಯುತ್ ಮಗ್ಗದ ಮನೆಯೊಳಗೆ ಸದ್ದು 90 ಡೆಸಿಬೆಲ್ ದಾಟುತ್ತದೆ. ಹಾಗಿರುವುದರಿಂದಲೇ ನಮ್ಮ ಬೀದಿಯವರ ಮಾತು ಏರುದನಿ. ಪ್ರೀತಿಯನ್ನೂ ಕೂಗಿಯೇ ಹೇಳುತ್ತೇವೆ. ಜಗಳವನ್ನು ಕೈಸನ್ನೆಯಲ್ಲೂ ಆಡಬಲ್ಲೆವು. ತುಟಿ ನೋಡಿಯೇ ಅರ್ಧ ಮಾತು ಅರ್ಥ ಮಾಡಿಕೊಳ್ಳುತ್ತೇವೆ. ಹೊರಗಿನವರು ನಮ್ಮನ್ನು ಒರಟರೆನ್ನುತ್ತಾರೆ. ಒರಟಲ್ಲ ಸ್ವಾಮಿ, ಅದು ಕಸುಬು ಕೊಟ್ಟ ಕಂಠ. ಡಬ್ಬಿಂಗ್ ಕೋಣೆಯ ತರುಣಿ ಪಿಸುದನಿಯಲ್ಲಿ "ಮಗು" ಎಂದಾಗ ಆ ಕಂಠವೇ ಅಳಿಸಿಹೋಯಿತು. ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ ಆಡುವ ನೇಕಾರ ಕುಟುಂಬಗಳು ನಮ್ಮೂರಿನಲ್ಲಿವೆ. ಪಕ್ಕದ ಮನೆಯ ಉರ್ದು ಅದರೊಳಗೆ ಕಲೆತಿರುತ್ತದೆ. ಈ ಹಾಸುಹೊಕ್ಕನ್ನೆಲ್ಲ ಬಿಚ್ಚಿ ಎಸೆದು ಒಂದೇ ಬಣ್ಣದ ನೂಲು ಇಟ್ಟರೆ ಅದು ನಮ್ಮ ಬಟ್ಟೆಯಾಗುತ್ತದೆಯೇ?

ಇನ್ನೊಂದು ಸಂಗತಿ. ಕರೆಂಟು ಹೋದಾಗ ಮಗ್ಗದ ಬೀದಿಯಲ್ಲಿ ನಿಂತು ಕೇಳಿದವರಿದ್ದೀರಾ? ಎಲ್ಲ ಮಗ್ಗಗಳೂ ಒಮ್ಮೆಲೇ ನಿಲ್ಲುತ್ತವೆ. ಒಂದು ಕ್ಷಣ ಲೋಕವೇ ನಿಂತಂತೆ. ಆಮೇಲೆ ಎಲ್ಲೋ ಮಗುವಿನ ಅಳು, ಬಾವಿಯ ರಾಟೆ, ಒಬ್ಬಳ ಬೈಗುಳ, ಇನ್ನೊಬ್ಬಳ ನಗು. ಸದ್ದಿನಲ್ಲಿ ಎತ್ತಿದ ದನಿಯನ್ನು ಇಳಿಸಲು ಮರೆತು ಮಾತಾಡುವ ಮಂದಿ ತಾವೇ ಬೆಚ್ಚಿ ನಗುತ್ತಾರೆ. ಕರೆಂಟ್ ಬಿಲ್ಲಿಗಾಗಿ ಮಗ್ಗ ಮಾರುವ ಕತೆಗೆ ಇದಕ್ಕಿಂತ ಒಳ್ಳೆಯ ಕೊನೆ ಬೇಕೇ? ಆ ಮೌನವನ್ನು ಹಿಡಿಯಲು ಒಂದು ಮೈಕು ಸಾಕಾಗಿತ್ತು. ನಮ್ಮ ಹುಡುಗ ಕೊನೆಯಲ್ಲೂ ಡ್ರೋನ್ ಹಾರಿಸಿದ.

ಇನ್ನೊಂದು ಆಕ್ಷೇಪಣೆ: "ಹಳ್ಳಿಯ ಮಾತು ಹೊರಗಿನವರಿಗೆ, ತೀರ್ಪುಗಾರರಿಗೆ ಅರ್ಥವಾಗುವುದಿಲ್ಲ, ಶುದ್ಧ ಕನ್ನಡವೇ ಕ್ಷೇಮ." ಈ ಮಾತನ್ನು ಕೇಳಿದಾಗ ಕನ್ನಡ ಮೇಷ್ಟರಾದ ನನಗೇ ನಾಚಿಕೆಯಾಗುತ್ತದೆ, ಇದನ್ನು ಹುಡುಗರ ತಲೆಗೆ ತುಂಬಿದವರಲ್ಲಿ ನಾನೂ ಒಬ್ಬನಿರಬಹುದು. ಆದರೆ ಲೋಕ ಏನು ಹೇಳಿದೆ ನೋಡಿ. 'ತಿಥಿ' ಚಿತ್ರದಲ್ಲಿ ಮಂಡ್ಯದ ಕಡೆಯ ಹಳ್ಳಿಯವರೇ, ಎಂದೂ ಬಣ್ಣ ಹಚ್ಚದವರೇ, ತಮ್ಮ ಮಾತನ್ನೇ ಆಡಿದರು. ಅದು 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಎರಡು ಪ್ರಶಸ್ತಿ ಗೆದ್ದಿತು. ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಕಲಿತ ಮೈಸೂರಿನ ಚಿದಾನಂದ ನಾಯ್ಕ ಅವರು ವಿದ್ಯಾರ್ಥಿಯಾಗಿ ನಾಲ್ಕೇ ದಿನಗಳಲ್ಲಿ ಚಿತ್ರೀಕರಿಸಿದ ಹದಿನಾರು ನಿಮಿಷದ ಕನ್ನಡ ಕಿರುಚಿತ್ರಕ್ಕೆ 2024ರಲ್ಲಿ ಫ್ರಾನ್ಸಿನ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಬಂದಿತು. ಅದರ ವಸ್ತು ಏನು? ಕೋಳಿಹುಂಜ ಕದ್ದ ಮುದುಕಿಯ ಜಾನಪದ ಕತೆ! ಮುದುಕಿಯ ಕೋಳಿ ಕಾನ್‌ಗೆ ಹೋಗಬಹುದಾದರೆ, ದೊಡ್ಡಬಳ್ಳಾಪುರದ "ಯಾತುಕ್ಲಾ" ಕಾಲೇಜಿನ ಸಭಾಂಗಣಕ್ಕೆ ಬರಬಾರದೇ?

ಡಬ್ಬಿಂಗ್ ಮಾಡಿದವರೆಲ್ಲ ಪಾಪಿಗಳೆಂದು ನಾನು ಹೇಳುತ್ತಿಲ್ಲ. ಇಟಲಿಯ ಮಹಾ ನಿರ್ದೇಶಕರು ಡಬ್ಬಿಂಗಿನಲ್ಲೇ ಅಮೋಘ ಚಿತ್ರಗಳನ್ನು ಕೊಟ್ಟಿದ್ದಾರೆ. ಅವರು ಅದನ್ನು ಬಲ್ಲು ಮಾಡಿದರು. ನಮ್ಮ ಹುಡುಗರು ಕೇಳಿಸಿಕೊಳ್ಳದೆ ಮಾಡುತ್ತಿದ್ದಾರೆ. ವ್ಯತ್ಯಾಸ ಅಷ್ಟೇ, ಆದರೆ ದೊಡ್ಡದು.

ತಪ್ಪು ಹುಡುಗರದ್ದೆಂದರೆ ಅನ್ಯಾಯವಾದೀತು. ಆ ಸ್ಪರ್ಧೆಯಲ್ಲಿ ಉತ್ತಮ ಛಾಯಾಗ್ರಹಣಕ್ಕೆ ಫಲಕವಿತ್ತು, ಉತ್ತಮ ಸಂಕಲನಕ್ಕಿತ್ತು, ಉತ್ತಮ ಭಿತ್ತಿಪತ್ರಕ್ಕೂ ಇತ್ತು! ದನಿಗೆ ಇರಲಿಲ್ಲ. ಅಂಕವಿಲ್ಲದ ವಿಷಯವನ್ನು ಯಾವ ವಿದ್ಯಾರ್ಥಿ ಓದುತ್ತಾನೆ? ದೊಡ್ಡಬಳ್ಳಾಪುರದಿಂದಲೂ ನೆಲಮಂಗಲದಿಂದಲೂ ದೂರವಲ್ಲದ ಹೆಸರಘಟ್ಟದಲ್ಲಿ ಸರ್ಕಾರದ್ದೇ ಚಲನಚಿತ್ರ ಸಂಸ್ಥೆ ಇದೆ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಬೆಳೆದ ವಿದ್ಯೆಯ ಮುಂದುವರಿಕೆ ಅದು. ಅಲ್ಲಿ ಛಾಯಾಗ್ರಹಣದಂತೆಯೇ ಧ್ವನಿಗ್ರಹಣವೂ ಒಂದು ಪೂರ್ಣ ಡಿಪ್ಲೊಮಾ. ಹಿಂದಿನವರು ಕಣ್ಣಿಗೊಂದು, ಕಿವಿಗೊಂದು ಎಂದು ಸಮವಾಗಿಯೇ ಹಂಚಿದ್ದರು. ಒಂದನ್ನು ಕೈಬಿಟ್ಟವರು ನಾವು.

ಆ ಪಾಲಿಟೆಕ್ನಿಕ್‌ನಲ್ಲಿ ಕಲಿತವರೇ ಮೈಸೂರಿನ ವಿ. ಕೆ. ಮೂರ್ತಿ. 1959ರ 'ಕಾಗಜ್ ಕೆ ಫೂಲ್' ಚಿತ್ರಕ್ಕಾಗಿ ಅವರು ಕನ್ನಡಿಗಳಿಂದ ಹೊರಗಿನ ಬಿಸಿಲನ್ನು ಸ್ಟುಡಿಯೋದ ಒಳಕ್ಕೆ ತಿರುಗಿಸಿ, ಆ ಪ್ರಸಿದ್ಧ ಬೆಳಕಿನ ಕೋಲನ್ನು ನಿಲ್ಲಿಸಿದರು. ಬೇಕಾದದ್ದು ಕನ್ನಡಿ, ಬಿಸಿಲು, ಮತ್ತು ನೋಡುವ ಮನಸ್ಸು. ನಮ್ಮ ಮಕ್ಕಳು ತಂತ್ರಜ್ಞಾನವೆಂದರೆ ಬಾಡಿಗೆಗೆ ತರುವ ಸಾಮಾನು ಎಂದುಕೊಂಡಿದ್ದಾರೆ. ಎದುರಿಗೆ ಏನಿದೆಯೆಂದು ಗಮನಿಸುವುದೇ ಮೊದಲ ತಂತ್ರ, ಸಾಮಾನು ಆಮೇಲಿನದು. ಮೂರ್ತಿಯವರು ಬಿಸಿಲಿಗೆ ತೋರಿದ ಗಮನವನ್ನು ದನಿಗೂ ತೋರಿಸಿ ಎಂಬುದಷ್ಟೇ ನನ್ನ ಕೋರಿಕೆ.

ಇಷ್ಟು ಬಿಸಿಯಾಗಿ ಬರೆಯಲು ನನ್ನದೊಂದು ಸ್ವಂತ ಕಾರಣವೂ ಇದೆ; ಅದನ್ನು ಮುಚ್ಚಿಡುವುದು ಸರಿಯಲ್ಲ. ನಮ್ಮ ತಂದೆಯವರ ಎರಡು ಫೋಟೋ ನನ್ನ ಬಳಿ ಇವೆ. ಒಂದು ಬೆಂಗಳೂರಿನಲ್ಲಿ ಕೋಟು ತೊಡಿಸಿ ತೆಗೆಸಿದ್ದು, ಇನ್ನೊಂದು ಮಗ್ಗದ ಗುಂಡಿಯಲ್ಲಿ ಕೂತದ್ದು. ಮುಖ ನೆನಪು ಮಾಡಿಕೊಳ್ಳಲು ಅವು ಸಾಕು. ಅವರ ದನಿ ಎಲ್ಲಿಯೂ ಇಲ್ಲ. ಅವರು ಹೋಗುವ ಹೊತ್ತಿಗೆ ನನ್ನ ಮನೆಯಲ್ಲಿ ಟೇಪ್ ರೆಕಾರ್ಡರ್ ಇತ್ತು. ಅದರಲ್ಲಿ ಊರಿನವರ ಸಂಗೀತವನ್ನೆಲ್ಲ ತುಂಬಿಕೊಂಡೆ, ತಂದೆಯ ಮುಂದೆ ಒಂದು ದಿನವೂ ಇಡಲಿಲ್ಲ. ಅವರು ನನ್ನನ್ನು ಕೂಗುತ್ತಿದ್ದ ಪರಿ ಹೇಗಿತ್ತೆಂದು ಈಗ ನನ್ನ ಮೊಮ್ಮಕ್ಕಳಿಗೆ ನಾನೇ ಕೂಗಿ ತೋರಿಸಬೇಕು. ತೋರಿಸಿದಾಗ ಅದು ಅವರ ದನಿಯಲ್ಲವೆಂದು ನನಗೆ ಮಾತ್ರ ಗೊತ್ತು. ಆ ಹುಡುಗನ ತಾಯಿ ನೂರು ವರ್ಷ ಬಾಳಲಿ. ಆದರೆ ಒಂದು ದಿನ ಅವನು ಆ ಚಿತ್ರವನ್ನು ಹಾಕಿಕೊಂಡು ಕೂತಾಗ, ತಾಯಿಯ ಮುಖದಿಂದ ಅಪರಿಚಿತ ಹೆಂಗಸಿನ ದನಿ ಬರುತ್ತದೆ. ಆಗ ಅವನಿಗೆ ಮೊದಲ ಬಹುಮಾನದ ಫಲಕದಿಂದ ಏನು ಸಮಾಧಾನ?

ಕಾಲೇಜುಗಳವರಿಗೂ ಸ್ಪರ್ಧೆ ನಡೆಸುವವರಿಗೂ ನನ್ನ ಬೇಡಿಕೆ ಮೂರೇ ಮೂರು. ಧ್ವನಿಗ್ರಹಣಕ್ಕೆ ಛಾಯಾಗ್ರಹಣದಷ್ಟೇ ಅಂಕ ಕೊಡಿ. ಮೊದಲ ಚಿತ್ರ ತೆಗೆಯುವ ವಿದ್ಯಾರ್ಥಿಗೆ ಡ್ರೋನ್ ಕೊಡುವ ಮುನ್ನ ಒಂದು ವಾರ ಬರಿಯ ಮೈಕು ಕೊಟ್ಟು ತನ್ನ ಬೀದಿಗೆ ಕಳಿಸಿ. ಅಲ್ಲಿ ಕೇಳಿದ್ದನ್ನು ತಂದು ತರಗತಿಯಲ್ಲಿ ಕೇಳಿಸಲಿ. ಪಾತ್ರ ವಹಿಸಿದವರ ಮಾತನ್ನು ಇನ್ನೊಬ್ಬರಿಂದ ಆಡಿಸಿದ್ದರೆ ಏಕೆ ಆಡಿಸಿದಿರೆಂದು ತೀರ್ಪುಗಾರರು ಕೇಳಲಿ; ಉತ್ತರ ಸರಿಯಾಗಿದ್ದರೆ ಒಪ್ಪಲಿ, ಇಲ್ಲದಿದ್ದರೆ ಅಂಕ ಕಳೆಯಲಿ.

ಮುಂದಿನ ವರ್ಷ ನನ್ನನ್ನು ಮತ್ತೆ ಕರೆಯುತ್ತಾರೆಂಬ ಭರವಸೆ ನನಗಿಲ್ಲ. ಕರೆದರೆ ಹೋಗುತ್ತೇನೆ. ಹೋಗಿ, ಪ್ರತಿ ಚಿತ್ರದ ಮೊದಲ ಎರಡು ನಿಮಿಷ ಕಣ್ಣು ಮುಚ್ಚಿ ಕೂರುತ್ತೇನೆ. ಮುದುಕನಿಗೆ ನಿದ್ದೆ ಬಂತೆಂದು ಯಾರೂ ಎಬ್ಬಿಸಬಾರದು. ಹಾಗೆ ಕೂತಾಗ ಅದು ಯಾವ ಊರೆಂದು ನನಗೆ ಗೊತ್ತಾದರೆ, ಮೊದಲ ಬಹುಮಾನ ಆ ಚಿತ್ರಕ್ಕೆ.